ಬಯಲಿಗೆ ಬಂದ ಮನೆಗಳು

ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರಿನಿಂದ ವಿಜಯಪುರಕ್ಕೆ ಶಾಲಾ ಪ್ರವಾಸ ಹೊರಟರೆ ಏನೇನು ನೋಡುತ್ತೀರಿ? ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲೇ ಇದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿ, ಮಲಿಕ್-ಎ-ಮೈದಾನ್ ತೋಪು. ಗೋಳಗುಮ್ಮಟದ ಮುಂದಿರುವ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಶಾಸನಗಳು, ಶಿಲ್ಪಗಳು, ಆಯುಧಗಳು. ಇವೆಲ್ಲ ನೋಡಲೇಬೇಕಾದವು. ಆದರೆ ಅಲ್ಲಿ ನಿಂತಾಗ ಒಂದು ಸಣ್ಣ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ ಇಂದಿಗೂ ನಿಂತಿದೆ. ಆ ಗೋರಿಗೆ ಕಲ್ಲು ಹೊತ್ತವರು, ಸುಣ್ಣ ಅರೆದವರು, ಅವರಿಗೆಲ್ಲ ಜೋಳ ಬೆಳೆದು ಕೊಟ್ಟ ಎರೆಹೊಲದ ರೈತರು ಸಂಜೆಯಾದಾಗ ಎಂಥ ಮನೆಗೆ ಹಿಂದಿರುಗುತ್ತಿದ್ದರು?

ಅರಸರ ಕಟ್ಟಡ ಉಳಿಯುವುದಕ್ಕೆಂದೇ ಕಟ್ಟಿದ್ದು. ಒಕ್ಕಲಿಗನ ಮನೆ ಬಾಳುವುದಕ್ಕೆ ಕಟ್ಟಿದ್ದು. ಬಾಳುವವರು ಎದ್ದು ಹೋದರೆ ಅದೂ ಮಣ್ಣಾಗುತ್ತದೆ. ಹೀಗಾಗಿ ಇತಿಹಾಸದ ಪುಸ್ತಕದಲ್ಲಿ ಗುಮ್ಮಟಕ್ಕೆ ಒಂದು ಪುಟ ಸಿಕ್ಕರೆ, ಮನೆಗೆ ಒಂದು ಸಾಲೂ ಸಿಗುವುದು ಕಷ್ಟ. ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡ ಒಂದು ಸಂಸ್ಥೆಯ ಬಗೆಯೇ ಬಯಲು ವಸ್ತುಸಂಗ್ರಹಾಲಯ. ಇಲ್ಲಿ ಕಟ್ಟಡದೊಳಗೆ ವಸ್ತುಗಳನ್ನು ಇಡುವುದಿಲ್ಲ. ಕಟ್ಟಡಗಳೇ ಇಲ್ಲಿ ವಸ್ತುಗಳು. ಅವುಗಳನ್ನು ಬಯಲಲ್ಲಿ ನಿಲ್ಲಿಸಿ, ಒಳಗೆ ಹೊಕ್ಕು ನೋಡುವುದಕ್ಕೆ ಬಿಡುತ್ತಾರೆ.

ಸ್ಟಾಕ್‌ಹೋಮಿನ ಗುಡ್ಡದ ಮೇಲೆ

ಈ ಬಗೆಯ ಸಂಗ್ರಹಾಲಯಗಳಲ್ಲಿ ಹೆಸರುವಾಸಿಯಾದದ್ದು ಸ್ವೀಡನ್ ದೇಶದ ಸ್ಕಾನ್ಸೆನ್. ಅದನ್ನು ಸ್ಥಾಪಿಸಿದವರು ಆರ್ಥರ್ ಹಝೇಲಿಯಸ್ ಎಂಬ ವಿದ್ವಾಂಸರು. 1891ರಲ್ಲಿ ರಾಜಧಾನಿ ಸ್ಟಾಕ್‌ಹೋಮಿನ ಒಂದು ಗುಡ್ಡದ ಮೇಲೆ ಅದು ಬಾಗಿಲು ತೆರೆಯಿತು. ದೇಶದ ಬೇರೆ ಬೇರೆ ಭಾಗಗಳಿಂದ ರೈತರ ಮನೆಗಳನ್ನು, ಕಣಜಗಳನ್ನು, ಗಾಳಿಗಿರಣಿಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಲಾಯಿತು. ಇಂದು ಅಲ್ಲಿ 150ಕ್ಕೂ ಹೆಚ್ಚು ಕಟ್ಟಡಗಳಿವೆ. ಪೂರ್ವ ಯೂರೋಪಿನ ಹಲವು ಭಾಷೆಗಳಲ್ಲಿ ಬಯಲು ವಸ್ತುಸಂಗ್ರಹಾಲಯ ಎನ್ನುವುದಕ್ಕೆ ‘ಸ್ಕಾನ್ಸೆನ್’ ಎಂಬುದೇ ಸಾಮಾನ್ಯ ಪದವಾಗಿ ನಿಂತುಬಿಟ್ಟಿದೆ.

ಹಝೇಲಿಯಸ್ ಅವರಿಗೆ ಈ ಯೋಚನೆ ಆಗಲೇ ಏಕೆ ಬಂತು ಎನ್ನುವುದನ್ನು ಗಮನಿಸಬೇಕು. ಅದು ಕಾರ್ಖಾನೆಗಳ ಕಾಲ. ರೈಲು ಹಳ್ಳಿಗಳ ಅಂಚಿಗೆ ಬಂದಿತ್ತು. ಹಳ್ಳಿಯ ಜನ ಕೂಲಿಗಾಗಿ ನಗರಕ್ಕೆ ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, 19ನೆಯ ಶತಮಾನದ ನಡುವಿನಿಂದ 20ನೆಯ ಶತಮಾನದ ಮೊದಲ ದಶಕಗಳವರೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸ್ವೀಡಿಷ್ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹಳ್ಳಿಗಳಲ್ಲಿ ಮನೆಗಳು ಖಾಲಿಯಾಗುತ್ತಿದ್ದವು. ಖಾಲಿಯಾಗುವ ಮನೆಯನ್ನು ಕಂಡಾಗಲೇ ಮನುಷ್ಯನಿಗೆ ಅದನ್ನು ಉಳಿಸಬೇಕೆಂಬ ಬುದ್ಧಿ ಹುಟ್ಟುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ನಮ್ಮ ಊರಿಗೆ ಬಂದಾಗ ಬೇಕಾಗುತ್ತದೆ.

ಹುಲ್ಲುಬಯಲಿನ ಸಣ್ಣ ಊರು

ಹೀಗೆ ಹೋದವರಲ್ಲಿ ಅನೇಕರು ಅಮೆರಿಕದ ನಡುಭಾಗದ ನೆಬ್ರಾಸ್ಕಾದಂಥ ಹುಲ್ಲುಬಯಲುಗಳಲ್ಲಿ ನೆಲೆ ನಿಂತರು. 1862ರ ಒಂದು ಕಾನೂನಿನ ಪ್ರಕಾರ ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉತ್ತು ಬೆಳೆದವರಿಗೆ 160 ಎಕರೆ ಭೂಮಿ ಸಿಗುತ್ತಿತ್ತು. ಮನೆ ಕಟ್ಟಲು ಅಲ್ಲಿ ಮರವೇ ಇಲ್ಲ. ಅದಕ್ಕೆ ಅವರು ಹುಲ್ಲಿನ ಬೇರು ಹೆಣೆದುಕೊಂಡ ನೆಲದ ಮೇಲ್ಪದರವನ್ನೇ ನೇಗಿಲಿನಿಂದ ಪಟ್ಟಿ ಪಟ್ಟಿಯಾಗಿ ಕೊಯ್ದು, ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸಿದರು. ಈ ಮಣ್ಣುಹೆಂಟೆಗೆ ‘ನೆಬ್ರಾಸ್ಕಾದ ಅಮೃತಶಿಲೆ’ ಎಂದು ತಮಾಷೆಯ ಹೆಸರೂ ಬಂತು.

ಆ ರಾಜ್ಯದ ಮಿಂಡನ್ ಎಂಬ ಸಣ್ಣ ಊರಿನ ಹತ್ತಿರ ಇಂಥದೇ ಮಣ್ಣಿನ ಮನೆಯಲ್ಲಿ ಹುಟ್ಟಿದವರು ಹೆರಾಲ್ಡ್ ವಾರ್ಪ್. ನಾರ್ವೆಯಿಂದ ವಲಸೆ ಬಂದವರ ಮಗ. ಮುಂದೆ ಚಿಕಾಗೋದಲ್ಲಿ ಪ್ಲಾಸ್ಟಿಕ್ ಉದ್ಯಮಿಯಾಗಿ ಶ್ರೀಮಂತರಾದರು. ತಾವು ಕಲಿತ ಒಂದೇ ಕೋಣೆಯ ಶಾಲೆ ಮಾರಾಟಕ್ಕೆ ಬಂದಿದೆ ಎಂದು ತಿಳಿದಾಗ ಅದನ್ನು ಕೊಂಡುಕೊಂಡರು. ಅಲ್ಲಿಂದ ಆರಂಭವಾಗಿ 1953ರಲ್ಲಿ ಮಿಂಡನ್ನಿನಲ್ಲಿ ‘ಪಯೋನಿಯರ್ ವಿಲೇಜ್’, ಅಂದರೆ ಮೊದಲ ವಲಸಿಗರ ಹಳ್ಳಿ, ರೂಪುಗೊಂಡಿತು. ಶಾಲೆ, ಚರ್ಚು, ರೈಲು ನಿಲ್ದಾಣ, ಭೂದಾಖಲೆ ಕಚೇರಿ, ಹುಲ್ಲುಮಣ್ಣಿನ ಮನೆ, ಹೀಗೆ ಒಂದು ಸಮಾಜ ಬೇರೂರಿದ ಬಗೆಯನ್ನು ನಡೆದಾಡುತ್ತ ತಿಳಿದುಕೊಳ್ಳುವ ಏರ್ಪಾಡು ಅದು.

ಇದೆಲ್ಲ ಮೆಚ್ಚತಕ್ಕದ್ದೇ. ಆದರೆ ಇತಿಹಾಸದ ವಿದ್ಯಾರ್ಥಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ‘ಮೊದಲ ವಲಸಿಗರು’ ಬರುವುದಕ್ಕೆ ಮೊದಲು ಆ ಬಯಲು ಬರಿದಾಗಿತ್ತೆ? ಇರಲಿಲ್ಲ. ನೆಬ್ರಾಸ್ಕಾದಲ್ಲಿ ಪಾನೀ ಎಂಬ ಮೂಲನಿವಾಸಿ ಜನ ಶತಮಾನಗಳ ಕಾಲ ಮೆಕ್ಕೆಜೋಳ ಬೆಳೆದು ಬಾಳಿದ್ದರು. ಮರದ ಕಂಬ ನಿಲ್ಲಿಸಿ, ಮೇಲೆ ಮಣ್ಣು ಹೊದಿಸಿದ ದುಂಡನೆಯ ದೊಡ್ಡ ಮನೆಗಳು ಅವರವು. 1870ರ ದಶಕದಲ್ಲಿ ಅವರು ಆ ನೆಲವನ್ನೇ ಬಿಟ್ಟು ಇಂದಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ಯಾರನ್ನು ‘ಮೊದಲಿಗರು’ ಎಂದು ಕರೆಯುತ್ತೇವೆ ಎನ್ನುವುದರಲ್ಲೇ ಒಂದು ತೀರ್ಮಾನ ಅಡಗಿರುತ್ತದೆ. ಯಾವ ವಸ್ತುಸಂಗ್ರಹಾಲಯಕ್ಕೆ ಹೋದರೂ ಇಲ್ಲಿ ಏನಿದೆ ಎನ್ನುವಷ್ಟೇ, ಇಲ್ಲಿ ಏನಿಲ್ಲ ಎನ್ನುವುದನ್ನೂ ಬರೆದುಕೊಳ್ಳಿ.

ಮಣಿಪಾಲದಲ್ಲಿ ಮುಧೋಳ

ಕರ್ನಾಟಕದಲ್ಲಿ ಇಂಥದ್ದು ಇದೆಯೇ? ಇದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಅದರ ಹೆಸರು. ಅದರ ಹಿಂದಿನ ವ್ಯಕ್ತಿ ವಿಜಯನಾಥ ಶೆಣೈ (1934–2017). ಅವರು ಇತಿಹಾಸದ ಪ್ರಾಧ್ಯಾಪಕರಲ್ಲ, ವಾಸ್ತುಶಿಲ್ಪಿಯೂ ಅಲ್ಲ, ಬ್ಯಾಂಕ್ ಉದ್ಯೋಗಿ. 1970ರ ದಶಕದಲ್ಲಿ ಕರಾವಳಿಯ ದೊಡ್ಡ ದೊಡ್ಡ ಮನೆಗಳು ಒಂದೊಂದಾಗಿ ಉರುಳುವುದನ್ನು ಕಂಡು ಅವರ ಮನಸ್ಸು ಕಲಕಿತು.

ಮನೆಗಳು ಉರುಳುತ್ತಿದ್ದುದಕ್ಕೆ ಕಾರಣಗಳಿದ್ದವು. ಕೂಡುಕುಟುಂಬಗಳು ಪಾಲಾಗಿ, ಐವತ್ತು ಜನ ಬಾಳುತ್ತಿದ್ದ ಚೌಕಿಮನೆಯಲ್ಲಿ ಇಬ್ಬರು ಮುದುಕರು ಉಳಿದಿದ್ದರು. 1974ರ ಭೂಸುಧಾರಣೆಯಿಂದ ಗೇಣಿಯ ಭೂಮಿ ಉಳುವವರ ಪಾಲಾಯಿತು. ಅದು ಆಗಬೇಕಾಗಿದ್ದ ನ್ಯಾಯವೇ ಹೌದು. ಆದರೆ ಗೇಣಿಯ ಭತ್ತದ ಬಲದಿಂದ ನಿಂತಿದ್ದ ಮನೆಗಳಿಗೆ ಹೆಂಚು ಬದಲಿಸುವ ಶಕ್ತಿಯೂ ಉಳಿಯಲಿಲ್ಲ. ಮನೆಗಿಂತ ಅದರ ಮರಕ್ಕೇ ಬೆಲೆ ಹೆಚ್ಚಾಯಿತು. ಕೆತ್ತನೆಯ ಕಂಬಗಳು ಸೌದೆಯ ಲೆಕ್ಕದಲ್ಲಿ ಮಾರಾಟವಾದವು. ಶೆಣೈಯವರು ಅವುಗಳನ್ನು ಕೊಂಡು ಕೂಡಿಹಾಕಿದರು. ಹಾಗೆ ಕೂಡಿಸಿದ ಭಾಗಗಳಿಂದ ತಮ್ಮ ಸ್ವಂತ ಮನೆಯನ್ನೇ ಕಟ್ಟಿದರು. ನೋಡಲು ಬರುವವರ ಸಂಖ್ಯೆ ಹೆಚ್ಚಿ ಅದೇ ಒಂದು ಸಂಗ್ರಹಾಲಯವಾಯಿತು. ಮುಂದೆ ಬಿಡಿ ಭಾಗಗಳಲ್ಲ, ಇಡೀ ಮನೆಗಳನ್ನೇ ತಂದು ನಿಲ್ಲಿಸುವ ಗ್ರಾಮದ ಕೆಲಸಕ್ಕೆ ಕೈಹಾಕಿದರು.

ಇಂದು ಅಲ್ಲಿ ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಮಂಗಳೂರಿನ ಕ್ರೈಸ್ತರ ಮನೆ, ಭಟ್ಕಳದ ನವಾಯತರ ಮನೆ ಅಕ್ಕಪಕ್ಕದಲ್ಲಿ ನಿಂತಿವೆ. ಉತ್ತರ ಕರ್ನಾಟಕದವರಾದ ನಿಮಗೆ ಹತ್ತಿರದವೂ ಇವೆ. ಕುಕನೂರಿನ ಕಮಲಮಹಲ್ ಇದೆ. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ಮುಧೋಳ ಸಂಸ್ಥಾನದ ದರ್ಬಾರು ಹಜಾರವೂ ಇದೆ. ಕೃಷ್ಣೆಯ ಬಯಲಿನ ದರ್ಬಾರು ಪಡುವಣ ಕಡಲ ಮಗ್ಗುಲಲ್ಲಿ ಮಳೆ ನೋಡುತ್ತ ಕುಳಿತಿದೆ!

ಇಷ್ಟು ದೊಡ್ಡ ಕಟ್ಟಡವನ್ನು ಬಿಚ್ಚಿ ಜೋಡಿಸುವುದು ಹೇಗೆ? ತತ್ತ್ವ ಸರಳ, ಕೆಲಸ ಕಠಿಣ. ಮೊದಲು ಎಲ್ಲ ಕಡೆಯಿಂದ ಅಳತೆ ತೆಗೆದು ನಕ್ಷೆ ಬರೆಯಬೇಕು, ಛಾಯಾಚಿತ್ರ ತೆಗೆಯಬೇಕು. ಆಮೇಲೆ ಪ್ರತಿ ಕಂಬ, ತೊಲೆ, ಹಲಗೆಗೆ ಒಂದೊಂದು ಸಂಖ್ಯೆ ಕೊಡಬೇಕು. ಬಿಚ್ಚುವುದು ಮೇಲಿನಿಂದ ಕೆಳಕ್ಕೆ, ಕಟ್ಟುವುದು ಕೆಳಗಿನಿಂದ ಮೇಲಕ್ಕೆ. ಹಳೆಯ ಬಡಿಗರು ಮೊಳೆಯನ್ನು ನಂಬಿದವರಲ್ಲ. ಒಂದು ಮರದ ತುದಿಯನ್ನು ಕೆತ್ತಿ ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂರಿಸುತ್ತಿದ್ದರು. ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರವನ್ನು ಸೀಳುತ್ತದೆ. ಮರಕ್ಕೆ ಮರ ಜೋಡಿಸಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ನೂರಾರು ವರ್ಷಗಳ ನಂತರವೂ ಆ ಮನೆಗಳನ್ನು ಬಿಚ್ಚಿ ಮತ್ತೆ ಕಟ್ಟಲು ಸಾಧ್ಯವಾದದ್ದಕ್ಕೆ ಈ ಜೋಡಣೆಯೇ ಕಾರಣ.

ಕಲ್ಲಿನ ಕಟ್ಟಡಕ್ಕೂ ಇದೇ ಕ್ರಮ. ಶ್ರೀಶೈಲ ಜಲಾಶಯದಲ್ಲಿ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯ ಬಾದಾಮಿ ಚಾಲುಕ್ಯರ ಕಾಲದ್ದು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಕಟ್ಟಿದರು. ಕೃಷ್ಣರಾಜಸಾಗರದ ನೀರಿನಲ್ಲಿ ದಶಕಗಳ ಕಾಲ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಹೊಸ ಕನ್ನಂಬಾಡಿಯಲ್ಲಿ ಮತ್ತೆ ತಲೆಯೆತ್ತಿದ್ದೂ ಹೀಗೆಯೇ.

ಮೂರು ದಾರಿಗಳು

ಮನೆಗಳನ್ನು ತಂದು ನಿಲ್ಲಿಸುವುದೊಂದೇ ದಾರಿಯಲ್ಲ. ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಸುಮಾರು 200 ಎಕರೆಯ ಗುಡ್ಡದಲ್ಲಿದೆ. ಅಲ್ಲಿ ದೇಶದ ಬುಡಕಟ್ಟು ಜನರನ್ನೇ ಕರೆತಂದು, ಅವರ ಕೈಯಿಂದಲೇ ಅವರ ಬಗೆಯ ಮನೆಗಳನ್ನು ಕಟ್ಟಿಸಿದ್ದಾರೆ. ಮನೆ ಹೊಸದು, ಕೈಕೆಲಸ ಹಳೆಯದು. ಉಳಿದದ್ದು ಮರವಲ್ಲ, ವಿದ್ಯೆ. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ದಕ್ಷಿಣದ ರಾಜ್ಯಗಳ ಮನೆಗಳಿವೆ. ಕರ್ನಾಟಕದ ಓಣಿಯಲ್ಲಿ ನಿಮಗೆ ಸಿಗುವುದು ಇಳಕಲ್ಲಿನ ನೇಕಾರನ ಮನೆ. ಇಳಕಲ್ ಸೀರೆಯ ಸೆರಗನ್ನು ಎಲ್ಲರೂ ಬಲ್ಲರು. ಅದನ್ನು ನೇಯ್ದವನ ಮಗ್ಗ ಮನೆಯ ಯಾವ ಮೂಲೆಯಲ್ಲಿತ್ತು ಎನ್ನುವುದನ್ನು ಬಲ್ಲವರು ಕಡಿಮೆ.

ಮೂರನೆಯ ದಾರಿ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯದು. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಇಡೀ ಹಳ್ಳಿ ಬದುಕು ಸಿಮೆಂಟಿನ ಶಿಲ್ಪವಾಗಿ ನಿಂತಿದೆ. ರೈತನ ಮನೆ, ಬಡಿಗನ ಮನೆ, ಕುಂಬಾರನ ಮನೆ, ದನಕರು, ರೊಟ್ಟಿ ಬಡಿಯುವ ತಾಯಿ, ಎಲ್ಲ ನಿಜ ಗಾತ್ರದಲ್ಲಿ. ಇಲ್ಲಿ ಉಳಿದದ್ದು ಮರವೂ ಅಲ್ಲ, ಕಟ್ಟುವ ವಿದ್ಯೆಯೂ ಅಲ್ಲ, ನೋಟ. ಒಂದು ಶಾಲೆಯ ಮಕ್ಕಳು ಅರ್ಧ ದಿನದಲ್ಲಿ ಒಂದು ಕಾಲವನ್ನು ಕಣ್ತುಂಬಿಕೊಳ್ಳುತ್ತಾರೆ. ಅದೇನೂ ಸಣ್ಣ ಲಾಭವಲ್ಲ. ಆದರೆ ಸಿಮೆಂಟಿನ ಗೋಡೆಯನ್ನು ಮುಟ್ಟಿ ಮಣ್ಣಿನ ಗೋಡೆಯ ತಂಪನ್ನು ತಿಳಿಯಲಾಗದು.

ಮೂಲವನ್ನು ತರುವುದು, ಬಲ್ಲವರಿಂದ ಹೊಸದಾಗಿ ಕಟ್ಟಿಸುವುದು, ಪ್ರತಿರೂಪ ಮಾಡುವುದು. ಈ ಮೂರರಲ್ಲಿ ಯಾವುದು ಸರಿ ಎಂದು ಕೇಳುವುದಕ್ಕಿಂತ, ಯಾವುದರಲ್ಲಿ ಏನು ಉಳಿಯುತ್ತದೆ, ಏನು ಕಳೆಯುತ್ತದೆ ಎಂದು ಕೇಳುವುದು ಲೇಸು.

ಎರೆನಾಡಿನ ಮನೆಯನ್ನು ಓದುವುದು

ಈಗ ಕನ್ನೊಳ್ಳಿಯ ಕಡೆಗೆ ತಿರುಗೋಣ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲಲ್ಲಿ ಹಳೆಯ ಮಾಳಿಗೆ ಮನೆಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಅವುಗಳನ್ನು ಮಣಿಪಾಲಕ್ಕೆ ಒಯ್ಯಲಾಗದು. ಮರದ ಮನೆ ಪ್ರಯಾಣ ಮಾಡುತ್ತದೆ. ಮಣ್ಣಿನ ಮನೆ ಬಿಚ್ಚಿದರೆ ಬರೀ ಮಣ್ಣು. ಆದ್ದರಿಂದ ಅವುಗಳನ್ನು ಇದ್ದಲ್ಲಿಯೇ ಓದಬೇಕು.

ಮೊದಲು ನೆಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೋಲು ಇಳಿಸಿ ಆಟವಾಡದ ಮಕ್ಕಳಿಲ್ಲ. ಅಂಥ ನೆಲದ ಮೇಲೆ ಗೋಡೆ ನಿಲ್ಲದು. ಅದಕ್ಕೇ ಹಿರಿಯರು ಊರಿಗೆ ಗರಸಿನ ದಿನ್ನೆಯನ್ನು ಆರಿಸಿಕೊಂಡು, ಎರೆಯನ್ನು ಬಿಳಿಜೋಳಕ್ಕೆ ಬಿಟ್ಟುಕೊಟ್ಟರು. ಊರು ಅಲ್ಲಿ ಏಕಿದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಮಣ್ಣಿನಲ್ಲಿರುತ್ತದೆ.

ಗೋಡೆಗೆ ಕಲ್ಲು. ಸಿಂದಗಿ ಕಡೆ ಸಿಗುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ತಣಿದು ಆದ ಕಪ್ಪುಕಲ್ಲು. ತಾಳಿಕೋಟಿಗೆ ಹೋದರೆ ಹಾಸು ಹಾಸಾಗಿ ಏಳುವ ಸುಣ್ಣಕಲ್ಲಿನ ಪರಸಿ. ಒಂದು ತಾಲೂಕು ದಾಟಿದರೆ ಮನೆಯ ಬಣ್ಣವೇ ಬದಲಾಗುವುದು ಇದರಿಂದ. ಭೂವಿಜ್ಞಾನದ ನಕ್ಷೆಯನ್ನು ಮನೆಯ ಗೋಡೆಯ ಮೇಲೆಯೇ ಓದಬಹುದು.

ಒಳಗೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಹಾಸಿ ಮಣ್ಣಿನ ಮಾಳಿಗೆ. ಎರಡು ಸಾಲು ಕಂಬಗಳ ನಡುವಿನ ಜಾಗ ಅಂಕಣ. ಮನೆಯನ್ನು ಅಳೆಯುತ್ತಿದ್ದುದು ಅಡಿಗಳಲ್ಲಿ ಅಲ್ಲ, ಅಂಕಣಗಳಲ್ಲಿ. ಮುಂಬಾಗಿಲು ದಾಟಿದೊಡನೆ ದನ ಕಟ್ಟುವ ಅಂಕಣ, ಆಮೇಲೆ ಮೆಟ್ಟಿಲೆತ್ತರದ ಪಡಸಾಲೆ, ಅದರಾಚೆ ಅಡಿಗೆಮನೆ, ದೇವರ ಜಗಲಿ. ಎತ್ತು ಮನೆಯ ಮಂದಿಯೊಡನೆ ಒಂದೇ ಸೂರಿನಡಿ ಮಲಗುತ್ತಿತ್ತು. ಕಿಟಕಿ ಕಡಿಮೆ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ನಮ್ಮಂಥ ಕ್ಯಾಮೆರಾದವರಿಗೆ ಈ ಮನೆಗಳು ಕಷ್ಟ. ಒಳಗೆ ಕತ್ತಲೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆದರೆ 40 ಡಿಗ್ರಿ ದಾಟುವ ವೈಶಾಖದಲ್ಲಿ ಆ ಕತ್ತಲೆಯೇ ತಂಪು. ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆ ಹಗಲಿನ ಶಾಖವನ್ನು ಹೀರಿ ಒಳಕ್ಕೆ ಬಿಡಲು ಹಲವು ಗಂಟೆ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ರಾತ್ರಿಯಾಗಿ, ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿರುತ್ತಾರೆ.

ಮಳೆಗಾಲದ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕುವ ಪದ್ಧತಿಯನ್ನು ಕೇಳಿರುವಿರಾ? ಬೆಳೆಗೆ ಬಾರದ ಉಪ್ಪುಮಣ್ಣು ಮನೆಗೆ ಬಂತು. ಅದರಲ್ಲಿರುವ ಸೋಡಿಯಂ ಅಂಶ ಜೇಡಿಯ ಕಣಗಳನ್ನು ಬಿಡಿ ಬಿಡಿಯಾಗಿ ಚದುರಿಸುತ್ತದೆ. ಮೊದಲ ಮಳೆ ಬಿದ್ದಾಗ ಆ ಸಣ್ಣ ಕಣಗಳು ಸಂದುಗಳಲ್ಲಿ ಕೂತು ನೀರಿನ ದಾರಿಯನ್ನು ಮುಚ್ಚುತ್ತವೆ. ಹೊಲವನ್ನು ಕೆಡಿಸುವ ಗುಣವೇ ಮಾಳಿಗೆಯನ್ನು ಕಾಯುತ್ತದೆ. ರಸಾಯನಶಾಸ್ತ್ರದ ಪುಸ್ತಕ ಓದದವರು ಅನುಭವದಿಂದ ಕಂಡುಕೊಂಡ ಸತ್ಯವಿದು.

ಇನ್ನು ಹಗೇವು. ನೆಲದಡಿ ತೋಡಿದ ಕಣಜ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಬರಗಾಲಕ್ಕೆ ಬುತ್ತಿ. ಕಾಳು ಸಹ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಬದುಕಲಾರದು. ಅದೇ ಕಾರಣಕ್ಕೆ ಮನುಷ್ಯನೂ ಬದುಕಲಾರ. ಹಗೇವು ತೆಗೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತಿದ್ದಾರೆ. ಅದಕ್ಕೇ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಗಾಳಿಗೆ ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಹಳೆಯ ಹಗೇವು ಕಂಡರೆ ದೂರದಿಂದಲೇ ನೋಡಿ. ಒಳಗೆ ಇಳಿಯಬೇಡಿ.

ಮನೆ ಏಕೆ ಬೀಳುತ್ತದೆ

ಇಷ್ಟು ಹೇಳಿದ ಮೇಲೆ ಹಳೆಯ ಮನೆಗಳೆಲ್ಲ ಒಳ್ಳೆಯವು, ಹೊಸ ಮನೆಗಳೆಲ್ಲ ಕೆಟ್ಟವು ಎಂದು ತಿಳಿಯಬೇಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕನ್ನೊಳ್ಳಿಯಿಂದ ನೇರ ಗೆರೆ ಎಳೆದರೆ ಅದು 150 ಕಿಲೋಮೀಟರಿನೊಳಗಿನ ಊರು. ಎಂಟು ಸಾವಿರದಿಂದ ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಅವರನ್ನು ಕೊಂದದ್ದು ಬಹುಮಟ್ಟಿಗೆ ಅವರ ಮನೆಗಳೇ.

ಲೆಕ್ಕ ಹಾಕಿ ನೋಡಿ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಕೋಣೆ. ಮಾಳಿಗೆಯ ಮಣ್ಣು 30 ಸೆಂಟಿಮೀಟರ್ ದಪ್ಪ. ಅಂದರೆ 3.6 ಘನಮೀಟರ್ ಮಣ್ಣು. ಒಂದು ಘನಮೀಟರ್ ಮಣ್ಣು 1.6 ಟನ್ ಎಂದು ಹಿಡಿದರೂ ಮಲಗಿದವರ ತಲೆಯ ಮೇಲೆ ಸುಮಾರು 5.8 ಟನ್ ತೂಕ. ವರ್ಷ ವರ್ಷ ಹೊಸ ಮಣ್ಣು ಹಾಕುತ್ತ ಹೋದಂತೆ ದಪ್ಪ 60 ಸೆಂಟಿಮೀಟರ್ ಆದರೆ ತೂಕ ಇಮ್ಮಡಿ. ಕೆಳಗಿನ ಗೋಡೆಯೋ, ಎರಡು ಮುಖಗಳಾಗಿ ಪೇರಿಸಿದ ಗುಂಡುಕಲ್ಲು, ನಡುವೆ ಮಣ್ಣು. ಎರಡು ಮುಖಗಳನ್ನು ಹಿಡಿದಿಡುವ ಉದ್ದಗಲ್ಲು ಇಲ್ಲದ ಕಡೆ ಗೋಡೆ ನಡುವೆ ಬಿಚ್ಚಿಕೊಂಡು ಕುಸಿಯಿತು. ತಂಪು ಕೊಟ್ಟ ದಪ್ಪವೇ ಸಾವು ತಂದಿತು.

ಮಳೆಯೂ ಹಾಗೆಯೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ ನೆನೆದು ಅಸಂಖ್ಯ ಮಣ್ಣಿನ ಮನೆಗಳು ಕುಸಿದವು. ಆಮೇಲೆ ‘ಆಸರೆ’ ಯೋಜನೆಯ ಮನೆಗಳು ಬಂದವು. ಅಂಥ ರಾತ್ರಿಯನ್ನು ಕಳೆದ ತಾಯಿ ತನಗೆ ಆರ್‌ಸಿಸಿ ಮನೆಯೇ ಬೇಕೆಂದರೆ, ಸಂಸ್ಕೃತಿಯ ಹೆಸರಿನಲ್ಲಿ ಅವಳಿಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ನೀರಿನ ಇನ್ನೊಂದು ಕಥೆ ಆಲಮಟ್ಟಿಯದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಅಣೆಕಟ್ಟಿನ ಹಿನ್ನೀರು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಮತ್ತು ಹಳೆಯ ಬಾಗಲಕೋಟೆಯ ಭಾಗವನ್ನು ಮುಟ್ಟಿತು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಬಾವಿಯಂಥ ಆವರಣ ಕಟ್ಟಿ ನೀರಿನ ನಡುವೆಯೇ ಉಳಿಸಿಕೊಳ್ಳಲಾಯಿತು. ನಾಡಿಗೇ ಪೂಜ್ಯವಾದದ್ದನ್ನು ಉಳಿಸಿಕೊಂಡೆವು. ಆದರೆ ಮುಳುಗಿದ ಪಡಸಾಲೆಗಳು ಎಷ್ಟು ಅಂಕಣದವು, ಅವುಗಳ ಕಂಬದ ಮೇಲೆ ಯಾವ ಹೂವಿತ್ತು?

ಕೊನೆಯ ಕಾರಣ ಸದ್ದಿಲ್ಲದ್ದು. ಅದು ಗುಳೆ. ಮಳೆ ಕೈಕೊಟ್ಟ ವರ್ಷ ಈ ತಾಲೂಕುಗಳ ಜನ ಪುಣೆ, ಮುಂಬಯಿ, ಗೋವೆಗಳಿಗೆ ಹೋಗುತ್ತಾರೆ, ಕಬ್ಬು ಕಡಿಯಲು ಹೋಗುತ್ತಾರೆ. ಮನೆಗೆ ಕೀಲಿ. ವರ್ಷಕ್ಕೊಮ್ಮೆ ಮಾಳಿಗೆಗೆ ಮಣ್ಣು ಹಾಕಿ ತುಳಿಯುವವರಿಲ್ಲದಿದ್ದರೆ ಮೊದಲು ಹುಲ್ಲು ಮೊಳೆಯುತ್ತದೆ, ಹುಲ್ಲಿನ ಬೇರಿನ ಜಾಡಿನಲ್ಲಿ ನೀರು ಇಳಿಯುತ್ತದೆ, ಜಂತಿ ಕೊಳೆಯುತ್ತದೆ, ಕೆಲವೇ ಮಳೆಗಾಲಗಳಲ್ಲಿ ಮನೆ ನೆಲ ಕಾಣುತ್ತದೆ. ಸ್ವೀಡನ್ನಿನ ಖಾಲಿ ಮನೆಗಳ ಮಾತನ್ನು ನೆನಪಿಡಿ ಎಂದಿದ್ದೆನಲ್ಲ, ಅದು ಇದಕ್ಕಾಗಿ.

ಉಳಿದದ್ದು ಯಾರ ಮನೆ?

ಇನ್ನೂ ಒಂದು ಮಾತು. ಎಲ್ಲ ಕಡೆಯೂ ಉಳಿದಿರುವುದು ಉಳ್ಳವರ ಮನೆ. ದರ್ಬಾರು, ಚೌಕಿಮನೆ, ವಾಡೆ. ನಮ್ಮ ಕ್ಯಾಮೆರಾ ಕೂಡ ಕೆತ್ತನೆಯ ಕಂಬದ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ಊರ ಅಗಸಿಯ ಹೊರಗೆ ಕೇರಿಯಲ್ಲಿದ್ದ ಗುಡಿಸಲಿಗೆ ಕೆತ್ತನೆ ಎಲ್ಲಿಯದು? ಅದಕ್ಕೆ ತೊಲೆಯೂ ಇರಲಿಲ್ಲ. ಆ ಮನೆಗಳಲ್ಲಿದ್ದವರೇ ವಾಡೆಯ ಗೋಡೆಗೆ ಕಲ್ಲು ಹೊತ್ತವರು, ಮಾಳಿಗೆಯ ಮಣ್ಣು ತುಳಿದವರು. ಅವರ ಮನೆಯಿಲ್ಲದ ಹಳ್ಳಿಯನ್ನು ನಿಲ್ಲಿಸಿದರೆ ಅದು ಅರ್ಧ ಹಳ್ಳಿ. ನೆಬ್ರಾಸ್ಕಾದ ಬಯಲಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಊರಿಗೂ ಕೇಳುವ ಧೈರ್ಯ ಇರಬೇಕು.

ಹಾಗಾದರೆ ಮಾಡುವುದೇನು? ಪ್ರತಿ ಊರಿಗೂ ಆರು ಎಕರೆ ಬಯಲು, ಕೋಟಿ ರೂಪಾಯಿ ಸಿಗುವುದಿಲ್ಲ. ಆದರೆ ಸ್ಕಾನ್ಸೆನ್ನಿಂದ ಮಣಿಪಾಲದವರೆಗೆ ಎಲ್ಲ ಕೆಲಸವೂ ಆರಂಭವಾಗುವುದು ಒಂದು ಅಳತೆ ಟೇಪು, ಒಂದು ನೋಟುಬುಕ್ಕಿನಿಂದ. ಅದು ನಿಮ್ಮ ಬಳಿ ಇದೆ. ಮನೆಯನ್ನು ಉಳಿಸಲಾಗದಿದ್ದರೂ ಅದರ ತಿಳಿವಳಿಕೆಯನ್ನು ಉಳಿಸಬಹುದು. ಮನೆ ಬಿದ್ದ ಮೇಲೆ ಅಳತೆ ತೆಗೆಯಲಾಗದು. ಮನೆ ಬಲ್ಲ ಹಿರಿಯರು ಹೋದ ಮೇಲೆ ಕೇಳಲೂ ಆಗದು.

ನೀವೇ ಮಾಡಿ ನೋಡಿ

1. ನಿಮ್ಮ ಊರಿನ ಒಂದು ಹಳೆಯ ಮನೆಯನ್ನು ಆರಿಸಿಕೊಳ್ಳಿ. ಮನೆಯವರ ಒಪ್ಪಿಗೆ ಪಡೆದು, ಅಳತೆಗೆ ತಕ್ಕಂತೆ ಅದರ ನಕ್ಷೆ ಬರೆಯಿರಿ. ಎಷ್ಟು ಅಂಕಣ, ಎಷ್ಟು ಕಂಬ, ಬಾಗಿಲು ಯಾವ ದಿಕ್ಕಿಗೆ ಎಂದು ಗುರುತಿಸಿ. ದೊಡ್ಡ ಮನೆಯೊಂದನ್ನು ಬರೆದರೆ, ಚಿಕ್ಕ ಮನೆಯೊಂದನ್ನೂ ಬರೆಯಿರಿ.

2. ನಿಮ್ಮ ಮುತ್ಯಾ, ಆಯಿ ಅಥವಾ ಓಣಿಯ ಹಿರಿಯರ ಬಳಿ ಕುಳಿತು ಮನೆಯ ಪ್ರತಿ ಭಾಗದ ಹೆಸರನ್ನು ಕೇಳಿ ಬರೆದುಕೊಳ್ಳಿ. ಅವರು ಹೇಳಿದಂತೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

3. ಮೇ ತಿಂಗಳಲ್ಲಿ ಒಂದು ದಿನ, ಮಾಳಿಗೆ ಮನೆಯೊಳಗೆ ಮತ್ತು ತಗಡಿನ ಅಥವಾ ಸಿಮೆಂಟಿನ ಮನೆಯೊಳಗೆ ಎರಡೆರಡು ಗಂಟೆಗೊಮ್ಮೆ ತಾಪಮಾನ ಅಳೆದು ನಕ್ಷೆಪಟ್ಟಿಯಲ್ಲಿ ಗುರುತಿಸಿ. ಎರಡು ಗೆರೆಗಳು ಎಲ್ಲಿ ಬೇರೆಯಾಗುತ್ತವೆ ನೋಡಿ.

4. ಮಾಳಿಗೆಯ ಮಣ್ಣಿನ ದಪ್ಪ ತಿಳಿದುಕೊಂಡು ಅದರ ತೂಕವನ್ನು ಲೆಕ್ಕ ಹಾಕಿ. ಗೋಡೆ ಬಿರುಕು ಬಿಟ್ಟಿದ್ದರೆ ಮನೆಯವರಿಗೆ ತಿಳಿಸಿ. ಇತಿಹಾಸದ ಅಭ್ಯಾಸದಿಂದ ಒಂದು ಜೀವ ಉಳಿದರೆ ಅದಕ್ಕಿಂತ ದೊಡ್ಡ ಅಂಕ ಯಾವ ಪರೀಕ್ಷೆಯಲ್ಲೂ ಇಲ್ಲ.

5. ಬರೆದದ್ದರ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಮೇಲೆ ಊರಿನ ಹೆಸರು, ತಾರೀಖು, ಕೆಳಗೆ ನಿಮ್ಮ ಸಹಿ ಇರಲಿ. ಮುಂದಿನ ವರ್ಷದ ತರಗತಿ ಇನ್ನೊಂದು ಮನೆಯಿಂದ ಮುಂದುವರಿಸಲಿ.